ನೂರ ಹದಿನೆಂಟನೇ ಪುಟ

ಡಿಸೆಂಬರ್ ಬಂತೆಂದರೆ ಪ್ರತಿಮಾಳಿಗೆ ಬಸ್ ಸ್ಟ್ಯಾಂಡಿನ ಓಡಾಟ ಹೆಚ್ಚು. ಹೊಸನಗರದ ಓದುಗರ ಸಂಘದ ವಾಚನಾಲಯವನ್ನು ಅವಳು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಸಾಗರದಲ್ಲೂ ತೀರ್ಥಹಳ್ಳಿಯಲ್ಲೂ ಅಂಥದೇ ಒಂದೊಂದು ಸಂಘ, ಒಂದೊಂದು ವಾಚನಾಲಯ. ಮೂರೂ ಊರಿನವರು ಬಹಳ ಹಿಂದೆ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು. ತಮ್ಮ ಊರಿನ ಬಗ್ಗೆ ಆ ವರ್ಷ ಏನೇ ಅಚ್ಚಾಗಲಿ, ದೇವಸ್ಥಾನದ ಚರಿತ್ರೆಯೋ, ಶಾಲೆಯ ಶತಮಾನೋತ್ಸವದ ಸಂಚಿಕೆಯೋ, ಯಾರೋ ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಮಾಡಿಸಿದ ಊರ ಇತಿಹಾಸವೋ, ಅದರ ಎರಡೆರಡು ಪ್ರತಿಯನ್ನು ಉಳಿದ ಇಬ್ಬರಿಗೂ ಕಳಿಸಬೇಕು. ಒಂದು ಪ್ರತಿ ಮನೆಗೆ ಒಯ್ಯುವವರಿಗೆ, ಇನ್ನೊಂದು ಬೀರುವಿನಲ್ಲಿ ಕಾಯಂ ಇಡಲಿಕ್ಕೆ. ಬಂದ ಪುಸ್ತಕಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು. ಕಳಿಸಿದವರು ವಾಪಸ್ ಕೇಳಿದರೆ ಮರುಮಾತಿಲ್ಲದೆ ಕೊಡಬೇಕು. ಹಳೇ ಮಿನಿಟ್ಸ್ ಪುಸ್ತಕದಲ್ಲಿ ಇಷ್ಟು ನಿಯಮ ಬರೆದಿಟ್ಟಿದ್ದರು. ಅದನ್ನು ಬಳಸಬೇಕಾದ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಪುಸ್ತಕ ಅಂಚೆಯಲ್ಲಿ ಬರುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ಕೈಗೆ ಕಟ್ಟು ಕೊಟ್ಟು, ಬಸ್ ಹೊರಟ ಹೊತ್ತನ್ನು ಫೋನಿನಲ್ಲಿ ತಿಳಿಸಿದರೆ ಆಯಿತು. ಪ್ರತಿಮಾ ಹೋಗಿ ಇಳಿಸಿಕೊಳ್ಳುತ್ತಿದ್ದಳು. ಆಮೇಲೆ ಅವಳ ಇಷ್ಟದ ಕೆಲಸ ಶುರು. ಒಂದೊಂದು ಪುಸ್ತಕವನ್ನೂ ಮೊದಲಿಂದ ಕೊನೆವರೆಗೆ ಓದಿ, ಅದರಲ್ಲಿ ಬಂದ ಊರು, ಮನೆತನ, ಮನುಷ್ಯರ ಹೆಸರುಗಳನ್ನು ಕಾರ್ಡಿನ ಮೇಲೆ ಪುಟಸಂಖ್ಯೆ ಸಮೇತ ಬರೆದು ಡಬ್ಬಿಗೆ ಹಾಕುವುದು. ಯಾರಾದರೂ ಬಂದು "ನಮ್ಮಜ್ಜನ ಊರಿನ ಬಗ್ಗೆ ಎಲ್ಲಾದ್ರೂ ಬರೆದಿದ್ದಾರಾ ಮೇಡಂ?" ಎಂದರೆ ಎರಡು ನಿಮಿಷದಲ್ಲಿ ಪುಟ ತೆರೆದು ಮುಂದಿಡುವಳು. ಎಷ್ಟೋ ಜನ ಮುಳುಗಡೆಯ ಊರುಗಳನ್ನು ಕೇಳಿಕೊಂಡು ಬರುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಅರವತ್ತು ವರ್ಷವಾಗುತ್ತ ಬಂದಿದ್ದರೂ ಹಾಗೆ ಕೇಳುವವರು ಕಡಿಮೆಯಾಗಿರಲಿಲ್ಲ. ಅವಳ ತಾಯಿಯದೂ ಅಂಥ ಊರೇ, ನೇರಲಮಕ್ಕಿ. ಹತ್ತೊಂಬತ್ತು ವರ್ಷದಲ್ಲಿ ಆ ಹೆಸರು ಯಾವ ಪುಸ್ತಕದಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ಆ ವರ್ಷ ತೀರ್ಥಹಳ್ಳಿಯಿಂದ ಬಂದದ್ದು ಒಂದೇ ಪುಸ್ತಕ. 'ಪೇಟೆ: ಬಂದವರು, ಇದ್ದವರು' ಎಂದು ಹೆಸರು. ಹೂವಯ್ಯ ಎಂಬ ನಿವೃತ್ತ ಹೈಸ್ಕೂಲು ಮೇಷ್ಟ್ರು ಬರೆದದ್ದು. ತೀರ್ಥಹಳ್ಳಿ ಪೇಟೆಗೆ ಯಾವ ಮನೆತನ ಎಲ್ಲಿಂದ ಬಂದು ನೆಲೆಯಾಯಿತು ಎಂಬುದನ್ನು ಮನೆಮನೆ ತಿರುಗಿ ಕೇಳಿ ಬರೆದಿದ್ದರು. ಭಾಷೆ ಚೆನ್ನಾಗಿತ್ತು, ಸುಳ್ಳು ಬಡಿವಾರ ಇರಲಿಲ್ಲ. ಒಂದು ಅಧ್ಯಾಯ ಮುಳುಗಡೆಯಿಂದ ಎದ್ದು ಬಂದವರದು. ಅದರಲ್ಲಿ ಅವರ ಸ್ವಂತ ಮನೆಯೂ ಸೇರಿತ್ತು. ನೂರ ಹದಿನೆಂಟನೇ ಪುಟದಲ್ಲಿ ಹೀಗಿತ್ತು:

"೧೯೬೪ರ ಬೇಸಿಗೆಯಲ್ಲಿ ನಾವು ನೇರಲಮಕ್ಕಿಯನ್ನು ಬಿಡುವ ದಿನವೇ ನಮ್ಮ ಗೇಣಿದಾರನಾಗಿದ್ದ ಜಟ್ಟಿಂಗಪ್ಪನೆಂಬವನು ಹಗೆಯಿಂದ ನಮ್ಮ ಮನೆಗೆ ಬೆಂಕಿಯಿಟ್ಟನು. ಪಾರ್ಶ್ವವಾಯು ಬಡಿದು ಮಲಗಿದ್ದ ನನ್ನ ಅಜ್ಜಿ ತುಂಗಮ್ಮನವರು ಒಳಗೇ ಸುಟ್ಟುಹೋದರು. ಅವನಿಗೆ ಶಿಕ್ಷೆಯಾಯಿತು. ಮುಂದಿನ ವರ್ಷ ಜೈಲಿನಲ್ಲೇ ಸತ್ತನು."

ಪ್ರತಿಮಾ ಪುಸ್ತಕ ಮುಚ್ಚಿ, ಎದ್ದು ಹೋಗಿ ನೀರು ಕುಡಿದು ಬಂದಳು. ಜಟ್ಟಿಂಗಪ್ಪ ಅವಳ ತಾಯಿಯ ಅಪ್ಪ. ಹೊಳೆ ದಾಟುವಾಗ ಸೆಳವಿಗೆ ಸಿಕ್ಕಿ ಹೋದ ಎಂದು ಅಮ್ಮ ಹೇಳಿದ್ದಳು. ಚಿಕ್ಕಂದಿನಿಂದ ಕೇಳಿ ಕೇಳಿ ಪ್ರತಿಮಾಳ ಕಣ್ಣಿಗೆ ಆ ಹೊಳೆಯೂ ನೀರಿನ ಮೇಲೆ ಎದ್ದ ಕೈಯೂ ಕಾಣುತ್ತಿದ್ದವು. ಆ ದಿನ ಅವಳು 'ನೇರಲಮಕ್ಕಿ' ಎಂದು ಒಂದು ಕಾರ್ಡು ಬರೆದಳು. ಪುಟಸಂಖ್ಯೆ ಹಾಕಲು ಕೈ ಬರಲಿಲ್ಲ. ನಾಲ್ಕು ದಿನ ಪುಸ್ತಕವನ್ನು ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಳು. ಐದನೆಯ ದಿನ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ವೆಂಕಮ್ಮ ಹಿತ್ತಲ ಕಟ್ಟೆಯ ಮೇಲೆ ಮೊರದಲ್ಲಿ ಹುರುಳಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಅರವತ್ತೆಂಟರ ಹೆಂಗಸು, ಕಣ್ಣು ಇನ್ನೂ ಚುರುಕು. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಮಗಳ ಮನೆಯಲ್ಲೇ ಇದ್ದಳು. ಪ್ರತಿಮಾಳ ಗಂಡ ಉಮೇಶ್ ಲೈನ್‌ಮನ್. ಅವನು ಕೆಲಸದಿಂದ ಬರುವುದು ಇನ್ನೂ ತಡವಿತ್ತು.

"ಅಮ್ಮಾ, ಅಜ್ಜಯ್ಯ ಹೆಂಗೆ ಸತ್ತಿದ್ದು?"

"ಹೊಳೇಲಿ ಹೋದ ಅಂತ ಎಷ್ಟು ಸತಿ ಹೇಳ್ಲಿ ನಿಂಗೆ? ಇವತ್ತೆಂತಕ್ಕೆ ಅದು?"

ಪ್ರತಿಮಾ ಪುಸ್ತಕ ತೆಗೆದು ಓದಿದಳು. ವೆಂಕಮ್ಮನಿಗೆ ಓದಲು ಬರುತ್ತಿರಲಿಲ್ಲ. ಸಹಿ ಮಾಡುವಷ್ಟು ಅಕ್ಷರ ಮಾತ್ರ ಗೊತ್ತಿತ್ತು. ಓದಿ ಮುಗಿಯುವವರೆಗೆ ಅವಳ ಬೆರಳು ಹುರುಳಿಯಲ್ಲಿ ಆಡುತ್ತಲೇ ಇತ್ತು, ಆದರೆ ಕಲ್ಲು ತೆಗೆಯುತ್ತಿರಲಿಲ್ಲ.

"ಇನ್ನೊಂದು ಸತಿ ಓದು."

ಪ್ರತಿಮಾ ಮತ್ತೆ ಓದಿದಳು.

"ಯಾರು ಬರೆದಿದ್ದು?"

"ಹೂವಯ್ಯ ಅಂತ. ಆ ಮನೆ ಮೊಮ್ಮಗ."

"ಗೊತ್ತು. ನೋಡಿದ್ದೆ. ನನಗಿಂತ ದೊಡ್ಡೋನು, ಹದಿನಾಲ್ಕು ವರ್ಷ ಇರಬೇಕು ಆಗ." ವೆಂಕಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಅಪ್ಪಯ್ಯ ಇಟ್ಟಿದ್ದಲ್ಲ ಬೆಂಕಿ. ನಾನು ಇಟ್ಟಿದ್ದು."

ಮಗಳ ಮುಖ ನೋಡದೆ, ಹಿತ್ತಲ ಬೇಲಿಯ ಕಡೆ ನೋಡುತ್ತ ಅವಳು ಹೇಳತೊಡಗಿದಳು. ಅರವತ್ತು ವರ್ಷ ಬಾಯಿಗೆ ಬಾರದಿದ್ದ ಮಾತು ನಿಂತು ನಿಂತು ಬಂತು.

ಅವಳಿಗೆ ಆಗ ಒಂಬತ್ತು. ಅವಳ ತಾಯಿ ಆ ವರ್ಷದ ಚಳಿಯಲ್ಲೇ ಜ್ವರ ಬಂದು ಅವರ ಗುಡಿಸಲಲ್ಲೇ ತೀರಿಹೋಗಿದ್ದಳು. ಬೇಸಿಗೆ ಹತ್ತುತ್ತಿದ್ದಂತೆ ಊರು ಖಾಲಿ ಮಾಡಲು ಜೀಪಿನವರು ಬಂದು ಹೇಳಿದರು. ಗೇಣಿ ಮಾಡುತ್ತಿದ್ದವರ ಹೆಸರು ಪರಿಹಾರದ ಯಾವ ಕಾಗದದಲ್ಲೂ ಇರಲಿಲ್ಲ. ಜಟ್ಟಿಂಗಪ್ಪ ಹೋಗಿ, ನನ್ನ ಹೆಸರೂ ಬರೆಸಿಕೊಡಿ ಎಂದು ಜಮೀನಿನ ಒಡೆಯರಾದ ಗೌಡರ, ಅಂದರೆ ಹೂವಯ್ಯನ ಮನೆಯ, ಅಂಗಳದಲ್ಲಿ ನಿಂತು ಕೇಳಿದ. ಅವರು ಬೈದು ಅಟ್ಟಿದರು. ಅವನೂ ಏರುದನಿಯಲ್ಲಿ ಮಾತಾಡಿಬಿಟ್ಟ. ಹೊರಡುವುದಕ್ಕೆ ಒಂದು ದಿನ ಮೊದಲಿನ ಮಾತು ಅದು, ಊರೆಲ್ಲ ಕೇಳಿತ್ತು.

"ಮಾರನೇ ದಿನ ದೊಡ್ಡೋರೆಲ್ಲ ಮೇಲಿನ ರಸ್ತೇಲಿ ಲಾರಿಗೆ ಸಾಮಾನು ಹಾಕ್ತಿದ್ರು. ಅಪ್ಪಯ್ಯ ನಮ್ಮ ಗುಡಿಸಲಿನ ಕಂಬ, ಬಾಗಿಲು ಎಲ್ಲ ಬಿಚ್ಚಿ ಹೊತ್ಕೊಂಡು ಹೋಗಿದ್ದ. ಹುಲ್ಲು, ಅಡಿಕೆ ದಬ್ಬೆ ಮಾತ್ರ ಬಿದ್ದಿತ್ತು. ನಾನೊಬ್ಬಳೇ ಕೂತಿದ್ದೆ. ಇದೆಲ್ಲ ಇನ್ನು ನೀರಲ್ಲಿ ಕೊಳೀತದಲ್ಲ ಅಂತ ಅನಿಸ್ತು. ಅಮ್ಮ ಸತ್ತಾಗ ಸುಟ್ಟಿದ್ರು. ನೀರಿಗೆ ಹಾಕಿರ್ಲಿಲ್ಲ. ಅಮ್ಮ ಮಲಗಿದ್ದ ಮನೆ ಇದು, ಇದನ್ನೂ ಸುಡಬೇಕು ಅಂತ ನನ್ನ ತಲೇಲಿ ಬಂತು. ಒಲೇಲಿ ಕೆಂಡ ಇತ್ತು."

"ಅಮ್ಮಾ..."

"ಮಧ್ಯ ಮಾತಾಡಬೇಡ, ಆಮೇಲೆ ಹೇಳಕ್ಕಾಗಲ್ಲ ನಂಗೆ. ಗಾಳಿ ಇತ್ತು. ಮೊದಲು ಗೌಡ್ರು ಒಟ್ಟಿಟ್ಟಿದ್ದ ಹುಲ್ಲಿನ ಕುತ್ರಿಗೆ ಹಿಡೀತು. ಅವರ ಮನೆ ಹೆಂಚು ಇಳಿಸಿ ಲಾರಿಗೆ ಹಾಕಾಗಿತ್ತು. ಅಜ್ಜಿ ಮಲಗಿದ್ದ ಕೋಣೆ ಮೇಲೆ ಬಿಸಿಲು ಬೀಳಬಾರ್ದು ಅಂತ ಅಡಿಕೆ ಸೋಗೆ ಹೊದಿಸಿದ್ರು. ಅವರನ್ನ ಕೊನೇ ಲಾರೀಲಿ ಕರ್ಕೊಂಡು ಹೋಗೋದು ಅಂತ. ಅಜ್ಜಿ ಒಳಗಿದ್ದಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೆ. ಕೂಗಿದ್ದು ಕೇಳಿದ ಮೇಲೇ ಗೊತ್ತಾಗಿದ್ದು."

ಜಟ್ಟಿಂಗಪ್ಪ ಹೊಗೆ ಕಂಡು ಮೇಲಿನಿಂದ ಓಡಿ ಬಂದ. ಒಳಗೆ ನುಗ್ಗಿದ. ಮುದುಕಿಯನ್ನು ಹೊಸ್ತಿಲವರೆಗೆ ಎಳೆದು ತಂದದ್ದಷ್ಟೇ, ಅಷ್ಟರಲ್ಲಿ ಮಾಡು ಕುಸಿಯಿತು. ಅವನ ಎರಡು ಕೈಯೂ ಮೊಣಕೈವರೆಗೆ ಸುಟ್ಟುಹೋದವು. ಜನ ಬಂದು ಸೇರಿ ಯಾರು, ಯಾರು ಎಂದಾಗ ಅವನು ಮಗಳ ಕಡೆ ಒಂದು ಸಲ ನೋಡಿ "ನಾನೇ" ಎಂದ. ಹಿಂದಿನ ದಿನ ಜಗಳ ಕೇಳಿದ್ದ ಊರಿಗೆ ಅಷ್ಟು ಸಾಕಾಯಿತು.

"ಪೋಲೀಸರು ಕರ್ಕೊಂಡು ಹೋಗೋ ಮುಂಚೆ ನನ್ನ ಹತ್ರ ಬಗ್ಗಿ ಹೇಳಿದ, ಬಾಯಿ ಬಿಡಬೇಡ, ಬಿಟ್ರೆ ನಾ ಹೋಗಿದ್ದು ದಂಡ ಅಂತ. ಚಿಕ್ಕಮ್ಮನ ಮನೇಲಿ ಬೆಳೆದೆ. ಜೈಲು ಅಂದ್ರೆ ಗಂಡು ಸಿಗಲ್ಲ ಅಂತ ಅವರೇ ಹೊಳೇ ಕತೆ ಕಟ್ಟಿದ್ರು. ನಾನೂ ಅದನ್ನೇ ಹೇಳ್ಕೊಂಡು ಬಂದೆ. ನಿಮ್ಮಪ್ಪಂಗೂ ಅದೇ ಹೇಳಿದ್ದೆ."

ಹುರುಳಿಯ ಮೊರ ಅಲ್ಲೇ ಬಿದ್ದಿತ್ತು. ಕೋಳಿ ಬಂದು ಹೆಕ್ಕುತ್ತಿದ್ದರೂ ಇಬ್ಬರೂ ಓಡಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವೆಂಕಮ್ಮನೇ ಕೇಳಿದಳು:

"ಪುಸ್ತಕದಲ್ಲಿ ಬಂದಿದ್ದನ್ನ ತಿದ್ದಕ್ಕೆ ಆಗ್ತದಾ?"

"ತಪ್ಪು-ಒಪ್ಪು ಅಂತ ಚೀಟಿ ಅಂಟಿಸ್ತಾರೆ. ಬರೆದೋರು ಒಪ್ಪಬೇಕು."

"ಹಂಗಾರೆ ಅವರ ಹತ್ರ ಹೋಗನ."

"ನಿನ್ನ ಹೆಸರು ಬರ್ತದಮ್ಮ."

"ಬರ್ಲಿ. ಇಷ್ಟು ದಿನ ಅಪ್ಪಯ್ಯನ ಹೆಸರು ಎಲ್ಲೂ ಇರ್ಲಿಲ್ಲ, ಸುಮ್ನಿದ್ದೆ. ಈಗ ಹಿಂಗೆ ಬಂದಿದೆ. ನಾ ಹೋದ ಮೇಲೂ ಹಿಂಗೇ ಇರ್ತದೆ."

ಜನವರಿಯ ಒಂದು ಭಾನುವಾರ ತಾಯಿ ಮಗಳು ತೀರ್ಥಹಳ್ಳಿ ಬಸ್ಸು ಹತ್ತಿದರು. ಹೂವಯ್ಯನವರ ಮನೆ ಪೇಟೆಯೊಳಗೇ, ಔಷಧಿ ಅಂಗಡಿಯೊಂದರ ಮಹಡಿಯ ಮೇಲಿತ್ತು. ಪ್ರತಿಮಾ ಮೊದಲೇ ಫೋನು ಮಾಡಿ, ಪುಸ್ತಕದ ವಿಚಾರ ಮಾತಾಡಬೇಕು ಎಂದಷ್ಟೇ ಹೇಳಿದ್ದಳು. ಎಪ್ಪತ್ಮೂರರ ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ತಮ್ಮ ಪುಸ್ತಕವನ್ನು ಹೊಸನಗರದಲ್ಲಿ ಯಾರೋ ಪೂರ್ತಿ ಓದಿದ್ದಾರೆಂಬ ಖುಷಿ ಅವರ ಮುಖದಲ್ಲಿತ್ತು.

"ಬನ್ನಿ ಬನ್ನಿ. ಅಮ್ಮ, ನೀವು ಇಲ್ಲಿ ಕೂತ್ಕೊಳ್ಳಿ, ಫ್ಯಾನ್ ಗಾಳಿ ಬರುತ್ತೆ. ಕಾಫಿ ಕುಡೀತೀರಲ್ಲ?"

ಕಾಫಿ ಬಂತು. ವೆಂಕಮ್ಮ ಲೋಟ ಮುಟ್ಟಲಿಲ್ಲ.

"ಗೌಡ್ರೇ, ನಾನು ನೇರಲಮಕ್ಕಿ ಜಟ್ಟಿಂಗಪ್ಪನ ಮಗಳು."

ಹೂವಯ್ಯನವರ ಕೈಯ ಲೋಟ ಅರ್ಧಕ್ಕೆ ನಿಂತಿತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

"ನೀನಾ?" ಎಂದರು. ನೀವು ಎಂಬುದು ಆ ಕ್ಷಣದಲ್ಲಿ ಹೋಯಿತು. "ಎಂತಕ್ಕೆ ಬಂದಿದ್ದು ಈಗ?"

ವೆಂಕಮ್ಮ ಹೇಳಿದಳು. ಮಗಳಿಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ನೇರವಾಗಿ ಹೇಳಿದಳು. ಕೆಂಡ, ಹುಲ್ಲು, ಗಾಳಿ, ಕುತ್ರಿ. ಅಜ್ಜಿ ಕೂಗಿದ್ದನ್ನೂ, ಅಪ್ಪ ಅವರನ್ನು ಹೊಸ್ತಿಲವರೆಗೆ ಎಳೆದು ತಂದದ್ದನ್ನೂ ಬಿಡಲಿಲ್ಲ. ಕೊನೆಗೆ ಎದ್ದು ನಿಂತು ಕೈ ಮುಗಿದಳು. "ತಪ್ಪು ನಂದು. ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ. ಅಪ್ಪಯ್ಯನ ಹೆಸರು ಒಂದು ತೆಗೀರಿ."

ಹೂವಯ್ಯನವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಅರವತ್ತು ವರ್ಷ ಆದ ಮೇಲೆ ಬಂದು ಹೇಳ್ತೀಯಲ್ಲ. ನಮ್ಮಪ್ಪ ಕೋರ್ಟಲ್ಲಿ ಸಾಕ್ಷಿ ಹೇಳಿದ್ರು. ಅವನೂ ಒಪ್ಕೊಂಡಿದ್ದ. ಈಗ ನಿನ್ನ ಮಾತನ್ನ ಹೆಂಗೆ ನಂಬಲಿ?"

"ಸುಳ್ಳು ಹೇಳೋಕೆ ಇಷ್ಟು ದೂರ ಯಾರು ಬರ್ತಾರೆ ಸಾರ್?" ಎಂದಳು ಪ್ರತಿಮಾ. "ಅದೂ ತನ್ನ ಮೇಲೇ ಹಾಕ್ಕೊಂಡು."

"ನೀನು ಸುಮ್ನಿರಮ್ಮ." ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಬೈಕುಗಳು ಹೋಗುತ್ತಿದ್ದವು. ಒಳಗೆ ಸೊಸೆ ಮಿಕ್ಸಿ ಹಾಕಿದಳು, ಅದು ನಿಲ್ಲುವವರೆಗೆ ಕಾದು ಅವರು ಹೇಳಿದರು: "ಅಜ್ಜಿ ಹತ್ರ ಕೂತಿರು, ಎಲ್ಲೂ ಏಳಬೇಡ ಅಂತ ನಂಗೆ ಹೇಳಿ ಹೋಗಿದ್ರು. ಲಾರಿ ನೋಡಿರ್ಲಿಲ್ಲ ನಾನು ಅದುವರೆಗೂ. ಇಂಜಿನ್ ಸದ್ದು ಕೇಳ್ತು. ಹೋದೆ."

"ನಮ್ಮಪ್ಪ ನಂಗೆ ಒಂದು ಮಾತೂ ಬೈಲಿಲ್ಲ. ಬೆಂಕಿ ಇಟ್ಟೋನು ಸಿಕ್ಕಿದ್ನಲ್ಲ, ನಾನು ಎಲ್ಲಿದ್ದೆ ಅಂತ ಯಾರೂ ಕೇಳ್ಲಿಲ್ಲ. ಈಗ ಒಂಬತ್ತು ವರ್ಷದ ಹುಡುಗಿ ಆಡ್ತಾ ಇಟ್ಟ ಬೆಂಕಿ ಅಂತ ಬರೆದ್ರೆ, ಓದಿದೋರು ಮೊದಲು ಕೇಳೋದು, ಆ ಮುದುಕಿ ಹತ್ರ ಯಾರೂ ಇರ್ಲಿಲ್ವಾ ಅಂತ."

"ಅದನ್ನ ಬರೀಬೇಡಿ ಗೌಡ್ರೇ. ನಂದಷ್ಟೇ ಬರೀರಿ."

"ಒಂದು ಬರೆದು ಇನ್ನೊಂದು ಬಿಡೋಕೆ ನನ್ನ ಕೈಲಿ ಆಗಲ್ಲ. ಎರಡನ್ನೂ ಬರೆಯೋಕೂ ಆಗಲ್ಲ." ಅವರು ಎದ್ದರು. "ಹೋಗಿ. ನಂಗೆ ಸುಸ್ತಾಗಿದೆ."

ಮೆಟ್ಟಿಲಿಳಿದು ಇಬ್ಬರೂ ತೀರ್ಥಹಳ್ಳಿ ವಾಚನಾಲಯಕ್ಕೆ ಹೋದರು. ಅಲ್ಲಿಯ ಧನ್ಯಶ್ರೀ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಫೋನಿನಲ್ಲಿ ಪ್ರತಿಮಾಳನ್ನು 'ಅಕ್ಕ' ಎನ್ನುತ್ತಿದ್ದ ಹುಡುಗಿ. ಎಲ್ಲ ಕೇಳಿ ಅವಳ ಕಣ್ಣಲ್ಲಿ ನೀರು ಬಂತು. "ಅಕ್ಕಾ, ಮೇಷ್ಟ್ರು ನಮ್ಮ ಸಂಘದ ಉಪಾಧ್ಯಕ್ಷರು. ಅವರ ಕಾಗದ ಇಲ್ದೆ ನಾನು ಅಂಟಿಸಿದ್ರೆ ನಾಳೆನೇ ನನ್ನ ಕಳಿಸ್ತಾರೆ" ಎಂದಳು. ಪ್ರತಿಮಾ ಒತ್ತಾಯ ಮಾಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ವೆಂಕಮ್ಮ ಕೇಳಿದಳು, "ನಿಮ್ಮಲ್ಲಿರೋದಕ್ಕೆ ನೀನೇ ಅಂಟಿಸಿದ್ರೆ?"

"ನಿಯಮ ಇಲ್ಲ."

ವೆಂಕಮ್ಮ ಹೊಸನಗರ ಬರುವವರೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಇಳಿಯುವಾಗ ಪ್ರತಿಮಾಳೇ ಹೇಳಿದಳು: "ಹೇಳು, ಏನು ಬರೀಬೇಕು ಅಂತ. ನಾನು ಬರ್ಕೋತೀನಿ."

ಚೀಟಿ ಅಂಗೈಯಷ್ಟೇ ಅಗಲದ್ದು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದಳು.

"ಪುಟ ೧೧೮. ಈ ಬೆಂಕಿಯನ್ನು ಜಟ್ಟಿಂಗಪ್ಪ ಇಟ್ಟದ್ದಲ್ಲ. ಅವನ ಮಗಳಾದ ನಾನು, ಆಗ ಒಂಬತ್ತು ವರ್ಷದವಳು, ನಮ್ಮ ಗುಡಿಸಲಿಗೆ ಇಟ್ಟ ಬೆಂಕಿ ಹಬ್ಬಿ ಗೌಡರ ಮನೆಗೆ ಹೋಯಿತು. ಒಳಗೆ ಅಜ್ಜಿ ಇದ್ದರು. ಅಪ್ಪ ಅವರನ್ನು ತರಲು ಹೋಗಿ ಕೈ ಸುಟ್ಟುಕೊಂಡನು. ತಪ್ಪು ನನ್ನದು."

ಕೆಳಗೆ ವೆಂಕಮ್ಮ ಒಂದೊಂದೇ ಅಕ್ಷರ ಕೊರೆದಂತೆ ಸಹಿ ಮಾಡಿದಳು. ಹೂವಯ್ಯ ಲಾರಿ ನೋಡಲು ಹೋದ ವಿಷಯ ಸೇರಿಸಲೇ ಎಂದು ಪ್ರತಿಮಾ ಕೇಳಿದ್ದಳು. "ಅದು ಬ್ಯಾಡ. ಅವರದ್ದು ಅವರು ಹೇಳ್ಕೊಳ್ಳಲಿ" ಎಂದಿದ್ದಳು ವೆಂಕಮ್ಮ.

ಹೊಸನಗರದ ಎರಡು ಪ್ರತಿಗೆ ಪ್ರತಿಮಾ ತಾನೇ ಅಂಟಿಸಿದಳು. ಸಾಗರದ ವಾಚನಾಲಯ ನೋಡಿಕೊಳ್ಳುತ್ತಿದ್ದ ನಾಗೇಂದ್ರ ಅವಳ ಹಳೆಯ ಪರಿಚಯ. ಫೋನಿನಲ್ಲಿ ಎಲ್ಲ ಕೇಳಿ "ಎರಡು ಚೀಟಿ ಕಳ್ಸು. ನಮ್ಮಲ್ಲೂ ಅಂಟಿಸ್ತೀನಿ. ನಿಯಮ ಮಾಡಿದೋರು ಯಾರೂ ಬದುಕಿಲ್ಲ" ಎಂದ. ಆ ವಾರ ಪ್ರತಿಮಾಳಿಗೆ ಒಳ್ಳೆಯ ನಿದ್ದೆ ಬಂತು. ಕಾರ್ಡಿನ ಮೇಲೆ ಪುಟಸಂಖ್ಯೆಯನ್ನೂ ಬರೆದಳು.

ಆಮೇಲೆ ಆದದ್ದನ್ನು ಅವಳು ನೆನೆಸಿರಲಿಲ್ಲ. ಯಾರೋ ಓದಲು ಒಯ್ದವರು ಆ ಪುಟದ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ವಾರದೊಳಗೆ ಅದು ಊರೆಲ್ಲ ತಿರುಗಿತು. ಎಂದೂ ಪುಸ್ತಕ ಮುಟ್ಟದವರು ವಾಚನಾಲಯಕ್ಕೆ ಬಂದು ನೂರ ಹದಿನೆಂಟನೇ ಪುಟ ಕೇಳಿದರು. ನಿಂತಲ್ಲೇ ಓದಿ ಹೋದರು. ರೇಷನ್ ಅಂಗಡಿಯ ಸಾಲಿನಲ್ಲಿ ವೆಂಕಮ್ಮನ ಮುಂದಿದ್ದ ಹೆಂಗಸು ತಿರುಗಿ ನೋಡಿ, ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಪಕ್ಕದ ಮನೆಯವಳು ಮೊಮ್ಮಗುವನ್ನು ಇವಳ ಬಳಿ ಬಿಟ್ಟು ಹೋಗುವುದನ್ನು ನಿಲ್ಲಿಸಿದಳು. ವೆಂಕಮ್ಮನನ್ನು ಸಾಕಿದ ಚಿಕ್ಕಮ್ಮನ ಮಗ ತುಮರಿಯಿಂದ ಫೋನು ಮಾಡಿ, "ಸತ್ತೋನ ಮೇಲಿದ್ದದ್ದನ್ನ ಬದುಕಿದೋರ ಮೇಲೆ ಎಳ್ಕೊಂಡ್ರಲ್ಲ, ಬುದ್ಧಿ ಇದ್ಯಾ ನಿಮಗೆ?" ಎಂದು ಕೂಗಾಡಿದ. ಉಮೇಶ್ ಮಾತ್ರ ಅತ್ತೆಯ ಎದುರು ಏನೂ ಅನ್ನಲಿಲ್ಲ. ಹೆಂಡತಿಗೆ ಒಂದೇ ಮಾತು ಕೇಳಿದ: "ನೀನಾದ್ರೂ ಬ್ಯಾಡ ಅನ್ನಬಾರ್ದಿತ್ತಾ?"

ವೆಂಕಮ್ಮ ಮನೆಯಿಂದ ಹೊರಗೆ ಹೋಗುವುದು ಕಡಿಮೆಯಾಯಿತು. ಆದರೆ ಚೀಟಿ ಕಿತ್ತುಬಿಡು ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಸಂಜೆ ಪ್ರತಿಮಾ ಬಂದೊಡನೆ "ಇವತ್ತು ಯಾರಾದ್ರೂ ಓದಿದ್ರಾ?" ಎಂದು ಕೇಳುತ್ತಿದ್ದಳು. ಎಷ್ಟು ಜನ ಎಂದು ಹೇಳಿದರೆ ತಲೆಯಾಡಿಸುತ್ತಿದ್ದಳು.

ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಸಂಘದ ಕಾಗದ ಬಂತು. ಒಪ್ಪಂದ ಮುರಿದಿದ್ದೀರಿ, ಪುಸ್ತಕಕ್ಕೆ ಲೇಖಕರ ಅನುಮತಿ ಇಲ್ಲದೆ ಸೇರ್ಪಡೆ ಮಾಡಿದ್ದೀರಿ, ಆದ್ದರಿಂದ ನಿಯಮದಂತೆ ಎಲ್ಲ ಪ್ರತಿಗಳನ್ನೂ ವಾಪಸ್ ಕೊಡಬೇಕು ಎಂದು. ಸಾಗರಕ್ಕೂ ಅದೇ ಕಾಗದ ಹೋಗಿತ್ತು. ಎರಡು ದಿನ ಬಿಟ್ಟು ನಾಗೇಂದ್ರನ ಫೋನು.

"ಕಳಿಸಿದೆ ಪ್ರತಿಮಾ. ನಮ್ಮ ಕಮಿಟಿಯೋರು ಎದುರಿಗೇ ಕೂತಿದ್ರು. ಬಿಸಿನೀರಲ್ಲಿ ಹತ್ತಿ ಅದ್ದಿ ಚೀಟಿ ಬಿಡಿಸಿದೆ. ಹಾಳೆ ಹರೀಲಿಲ್ಲ." ಅವನಿಗೂ ಹೇಳಲು ಕಷ್ಟವಾಗುತ್ತಿತ್ತು. "ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ."

ಹೊಸನಗರ ಸಂಘದ ಅಧ್ಯಕ್ಷ ಪೂರ್ಣೇಶ್ ಹಾರ್ಡ್‌ವೇರ್ ಅಂಗಡಿಯವರು. ಕೆಟ್ಟ ಮನುಷ್ಯರಲ್ಲ. ಸ್ವತಃ ವಾಚನಾಲಯಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮಮ್ಮ ಹೇಳಿದ್ದು ಸತ್ಯ ಅಂತ ನಂಗೂ ಅನಿಸ್ತದೆ ಪ್ರತಿಮಾ. ಆದರೆ ಇವತ್ತು ನಿಮ್ಮದು ಅಂಟಿಸಿದ್ರೆ, ನಾಳೆ ಇನ್ನೊಬ್ಬ ಬಂದು ನಮ್ಮಜ್ಜಂದೂ ಅಂಟಿಸಿ ಅಂತಾನೆ. ಎಲ್ಲ ಪುಸ್ತಕಕ್ಕೂ ಚೀಟಿ ಆಗ್ತದೆ. ವಾಪಸ್ ಕಳಿಸಿಬಿಡಿ."

"ಒಂದು ವಾರ ಕೊಡಿ ಸಾರ್."

ಆ ವಾರ ಅವಳು ತನ್ನ ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಮಾಡದ ಕೆಲಸ ಮಾಡಿದಳು. ಒಂದು ಪ್ರತಿಯನ್ನು ಕಟ್ಟಿ ತೀರ್ಥಹಳ್ಳಿ ಬಸ್ಸಿಗೆ ಹಾಕಿ, ಇನ್ನೊಂದರ ಎದುರು ರಿಜಿಸ್ಟರಿನಲ್ಲಿ 'ಕಳೆದಿದೆ' ಎಂದು ಬರೆದು, ಪುಸ್ತಕವನ್ನು ಮನೆಗೆ ತಂದು ಅಮ್ಮನ ಕೈಗೆ ಕೊಟ್ಟಳು.

ವೆಂಕಮ್ಮ ಚೀಟಿಯ ಮೇಲೆ ಬೆರಳಾಡಿಸಿದಳು. "ಇದನ್ನ ಮನೇಲಿಟ್ರೆ ಯಾರು ಓದ್ತಾರೆ?"

"ಕಳಿಸಿದ್ರೆ ಕಿತ್ತು ಹಾಕ್ತಾರಮ್ಮ."

"ಇಲ್ಲಿದ್ರೂ ಒಂದೇ, ಕಿತ್ತು ಹಾಕಿದ್ರೂ ಒಂದೇ. ಅರವತ್ತು ವರ್ಷ ಮನೇಲೇ ಇಟ್ಕೊಂಡಿದ್ನಲ್ಲ." ಅವಳು ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು. "ಕಳ್ಳಿ ಹಂಗೆ ತರಬೇಡ. ಎಲ್ಲಿತ್ತೋ ಅಲ್ಲೇ ಇಡು."

ಮಾರನೇ ದಿನ ಪ್ರತಿಮಾ ರಿಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆದುಹಾಕಿ, ಪುಸ್ತಕವನ್ನು ಬೀರುವಿನಲ್ಲಿ ಅದರ ಜಾಗಕ್ಕೇ ಸೇರಿಸಿದಳು. ಪೂರ್ಣೇಶರಿಗೆ ಫೋನು ಮಾಡಿ, "ಇದನ್ನ ನಾನು ಕಳ್ಸಲ್ಲ ಸಾರ್. ನೀವು ಬೇರೆ ಯಾರ ಕೈಲಾದ್ರೂ ಕಳ್ಸಿ" ಎಂದಳು.

ಅವರು ಹಾಗೇ ಮಾಡಿದರು. ಮೇ ತಿಂಗಳಿಂದ ಬರಬೇಡಿ ಎಂದರು. ಒಂದು ಶಾಲು ಹೊದಿಸಿ, ಹತ್ತೊಂಬತ್ತು ವರ್ಷದ ಸೇವೆ ಎಂದು ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟರು. ಅವಳ ಜಾಗಕ್ಕೆ ಯಶಸ್ವಿನಿ ಎಂಬ ಲೈಬ್ರರಿ ಸೈನ್ಸ್ ಓದಿದವಳು ಬಂದಳು. ಬಂದ ಮೊದಲ ವಾರವೇ ಆ ಪುಸ್ತಕ ತೀರ್ಥಹಳ್ಳಿಗೆ ಹೋಯಿತೆಂದು ಪ್ರತಿಮಾಳಿಗೆ ಬಸ್ಸಿನ ಕಂಡಕ್ಟರ್ ಹೇಳಿದ.

ಅದನ್ನು ಅವಳು ಅಮ್ಮನಿಗೆ ಹೇಳಲಿಲ್ಲ. ಕೆಲಸ ಹೋದದ್ದನ್ನು ಹೇಳಿದಳು, ಪುಸ್ತಕ ಹೋದದ್ದನ್ನು ಹೇಳಲಿಲ್ಲ. ವೆಂಕಮ್ಮ ಆಮೇಲೂ ಸಂಜೆಯಾದರೆ "ಯಾರಾದ್ರೂ ಓದಿರ್ತಾರಾ?" ಎಂದು ಕೇಳುತ್ತಿದ್ದಳು. "ಓದಿರ್ತಾರೆ" ಎಂದು ಪ್ರತಿಮಾ ಒಲೆಯ ಕಡೆ ತಿರುಗುತ್ತಿದ್ದಳು. ಚಿಕ್ಕಮ್ಮ ಕಟ್ಟಿದ ಹೊಳೆಯ ಕತೆಯನ್ನು ಅಮ್ಮ ಹೇಳುತ್ತಿದ್ದಾಗ ಅವಳಿಗೂ ಹೀಗೇ ಆಗಿರಬೇಕು ಎಂದು ಆಗ ಅನ್ನಿಸುತ್ತಿತ್ತು.

ಜುಲೈನಲ್ಲಿ ವೆಂಕಮ್ಮನಿಗೆ ಜ್ವರ ಬಂತು. ಮೂರನೆಯ ದಿನ ಎದೆಗೆ ಇಳಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ವಾರವಿದ್ದು ಒಂದು ಮಧ್ಯಾಹ್ನ ತೀರಿಕೊಂಡಳು. ಕೊನೆಯ ಎರಡು ದಿನ ಮಾತಿರಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಹದಿನೈದು ಜನರೂ ಇರಲಿಲ್ಲ. ತುಮರಿಯಿಂದ ಯಾರೂ ಬರಲಿಲ್ಲ.

ಒಂಬತ್ತನೆಯ ದಿನ ಪ್ರತಿಮಾಳ ಫೋನಿಗೆ ಹೂವಯ್ಯನವರ ಕರೆ ಬಂತು.

"ಪುಸ್ತಕ ಎಲ್ಲ ವಾಪಸ್ ಬಂತಮ್ಮ. ಹೊಸನಗರದಿಂದ ಬಂದದ್ದರಲ್ಲಿ ಚೀಟಿ ಹಂಗೇ ಇದೆ. ನಾನು ಕೀಳಲಿಲ್ಲ." ಅವರು ಉಸಿರೆಳೆದುಕೊಂಡರು. "ಅವನು ಅಜ್ಜೀನ ಹೊಸ್ತಿಲ ತನಕ ತಂದಿದ್ದ ಅಂತ ನಿಮ್ಮಮ್ಮ ಹೇಳಿದ್ರಲ್ಲ. ಅಜ್ಜಿ ಸಿಕ್ಕಿದ್ದು ಹೊಸ್ತಿಲಲ್ಲೇ. ಹಾಸಿಗೆ ಮೇಲೆ ಇದ್ದೋರು ಅಲ್ಲಿಗೆ ಹೆಂಗೆ ಬಂದ್ರು ಅಂತ ನಾನು ಒಂದು ದಿನಾನೂ ಯೋಚನೆ ಮಾಡ್ಲಿಲ್ಲ. ಅವರ ಹತ್ರ ಒಂದು ಸಲ ಮಾತಾಡ್ಬೇಕಿತ್ತು. ಕೊಡ್ತೀರಾ?"

"ಅಮ್ಮ ಹೋಗಿ ಇವತ್ತಿಗೆ ಒಂಬತ್ತು ದಿನ ಸಾರ್."

ಆ ಕಡೆಯಿಂದ ಫೋನು ಕಟ್ಟಾಯಿತು. ಪ್ರತಿಮಾ ತಿರುಗಿ ಮಾಡಲಿಲ್ಲ. ಅವರೂ ಮತ್ತೆ ಮಾಡಲಿಲ್ಲ.

ಮರುವರ್ಷದ ಡಿಸೆಂಬರಿನಲ್ಲಿ ಮೂರೂ ಊರಿನವರ ನಡುವೆ ಮತ್ತೆ ರಾಜಿಯಾಗಿ ಪುಸ್ತಕಗಳು ಬರತೊಡಗಿದವು. ಪ್ರತಿಮಾ ಆ ಹೊತ್ತಿಗೆ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ತೀರ್ಥಹಳ್ಳಿಯಿಂದ ಹೂವಯ್ಯನವರ ಪುಸ್ತಕದ ಎರಡನೇ ಮುದ್ರಣ ಬಂದಿದೆಯೆಂದು ಗೊತ್ತಾಗಿ, ಒಂದು ಶನಿವಾರ ವಾಚನಾಲಯಕ್ಕೆ ಹೋದಳು. ಕಾರ್ಡಿನ ಡಬ್ಬಿಗಳಿದ್ದಲ್ಲಿ ಈಗ ಕಂಪ್ಯೂಟರ್ ಇತ್ತು. ಯಶಸ್ವಿನಿ ಅವಳನ್ನು ಗುರುತು ಹಿಡಿಯಲಿಲ್ಲ. ಕೇಳಿದ ಪುಸ್ತಕ ತಂದುಕೊಟ್ಟಳು.

ರಕ್ಷಾಪುಟದ ಮೇಲೆ ಲೇಖಕರ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿತ್ತು. ಮಳೆಗಾಲ ಮುಗಿಯುತ್ತಲೇ ಹೋದರಂತೆ. ಮುದ್ರಣ ನೋಡಿಕೊಂಡವರು ಮಗ ಎಂದು ಮುನ್ನುಡಿಯಲ್ಲಿತ್ತು. ಅವಳು ನೂರ ಹದಿನೆಂಟನೇ ಪುಟ ತೆಗೆದಳು. ಆ ಸಾಲುಗಳು ಅಲ್ಲಿರಲಿಲ್ಲ. ಹಿಂದು ಮುಂದಿನ ಪುಟಗಳನ್ನು ನೋಡಿದಳು. ನೂರ ಹದಿನಾರರ ಕೊನೆಯಲ್ಲಿ ಒಂದು ಸಾಲು ಸಿಕ್ಕಿತು: "೧೯೬೪ರ ಬೇಸಿಗೆಯಲ್ಲಿ ನಮ್ಮ ಕುಟುಂಬವು ನೇರಲಮಕ್ಕಿಯನ್ನು ಬಿಟ್ಟು ತೀರ್ಥಹಳ್ಳಿಗೆ ಬಂದು ನೆಲೆಸಿತು." ಅಷ್ಟೇ. ಬೆಂಕಿ ಇರಲಿಲ್ಲ. ತುಂಗಮ್ಮನವರು ಇರಲಿಲ್ಲ. ಜಟ್ಟಿಂಗಪ್ಪ ಬೆಂಕಿಯಿಟ್ಟವನಾಗಿಯೂ ಇರಲಿಲ್ಲ, ಇಡದವನಾಗಿಯೂ ಇರಲಿಲ್ಲ. ಹೂವಯ್ಯನವರು ಸಾಯುವ ಮೊದಲು ಬೇರೆ ಏನಾದರೂ ಬರೆದಿದ್ದರೋ, ಮಗ ಅದನ್ನು ತೆಗೆದನೋ, ಅವರೇ ಹೀಗೆ ಮಾಡಿ ಹೋದರೋ, ಕೇಳಲು ಯಾರೂ ಉಳಿದಿರಲಿಲ್ಲ.

ಅವಳು ಆ ಅಧ್ಯಾಯವನ್ನು ಮೊದಲಿಂದ ಕೊನೆವರೆಗೆ ಇನ್ನೊಂದು ಸಲ ಓದಿದಳು. ಮುಚ್ಚಿ ಮೇಜಿನ ಮೇಲಿಟ್ಟಳು.

"ಹೆಂಗಿದೆ ಮೇಡಂ?" ಎಂದಳು ಯಶಸ್ವಿನಿ, ಪುಸ್ತಕ ತೆಗೆದುಕೊಳ್ಳುತ್ತ. "ತುಂಬಾ ಜನ ಕೇಳ್ತಿದ್ದಾರೆ."

"ಚೆನ್ನಾಗಿ ಮಾಡಿದ್ದಾರೆ" ಎಂದಳು ಪ್ರತಿಮಾ. "ಅಚ್ಚಿನ ತಪ್ಪು ಒಂದೂ ಇಲ್ಲ."